ನಾವೇ ಬಿದ್ವಿ ಅಂದಿದ್ದು

ನನ್ನ ಹೆಂಡತಿಯ ಬಲಗೈಯ ಹೆಬ್ಬೆರಳಿಗೂ ತೋರುಬೆರಳಿಗೂ ಸ್ಪರ್ಶವಿಲ್ಲ. ನೋಡಿದವರಿಗೆ ಏನೂ ಗೊತ್ತಾಗುವುದಿಲ್ಲ. ಕೈ ಮುಚ್ಚುತ್ತದೆ, ಬಿಚ್ಚುತ್ತದೆ, ಲೋಟ ಹಿಡಿಯುತ್ತದೆ. ಆದರೆ ಶಿಡ್ಲಘಟ್ಟದ ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ ನಾವು ಮಾಡುವುದು ರೇಷ್ಮೆ ನೂಲು ಬಿಚ್ಚುವ ಕೆಲಸ. ಮಾರ್ಕೆಟ್ಟಿನಿಂದ ಗೂಡು ತರುವವನು ನಾನು. ಬಿಸಿನೀರಿನಲ್ಲಿ ಬೆಂದ ಗೂಡಿನಿಂದ, ಕಣ್ಣಿಗೂ ಸರಿಯಾಗಿ ಕಾಣದ ಎಳೆಯ ತುದಿಯನ್ನು ಬೆರಳಲ್ಲೇ ಹುಡುಕಿ ಎತ್ತುವವಳು ಅವಳು. ಆ ಕೆಲಸದಲ್ಲಿ ನಮ್ಮ ಬೀದಿಯಲ್ಲಿ ಅವಳಿಗೆ ಸಮ ಯಾರೂ ಇರಲಿಲ್ಲ.

ಚಿಂತಾಮಣಿಯಲ್ಲಿ ಅವಳ ತಂಗಿಯ ಮಗಳ ಸೀಮಂತ ಮುಗಿಸಿಕೊಂಡು ಇಬ್ಬರೂ ಸ್ಕೂಟರಿನಲ್ಲಿ ಬರುತ್ತಿದ್ದೆವು. ನಾನು ಗಾಡಿ ಓಡಿಸುವ ನಿಧಾನಕ್ಕೆ ಸೈಕಲ್ಲಿನವರೂ ಬೇಸರ ಮಾಡಿಕೊಳ್ಳುತ್ತಾರೆ. ಊರು ದಾಟಿ ಸ್ವಲ್ಪ ದೂರ ಬಂದಿದ್ದೆವು, ಹಿಂದಿನಿಂದ ಒಂದು ಮೊಪೆಡ್ ಬಂದು ಗುದ್ದಿತು. ಅದರ ಮೇಲೆ ಆಳೆತ್ತರ ಹಿಪ್ಪುನೇರಳೆ ಸೊಪ್ಪು. ನಾನು ಸೊಪ್ಪಿನ ಹೊರೆಯ ಮೇಲೆ ಬಿದ್ದೆ, ಅವಳು ಕೈ ಊರಿ ರಸ್ತೆಯ ಮೇಲೆ ಬಿದ್ದಳು. ನನಗೆ ಒಂದು ಗೀರೂ ಆಗಲಿಲ್ಲ.

ಗುದ್ದಿದವನು ಓಡಿಹೋಗಲಿಲ್ಲ. ಅವನೇ ಆಟೋ ನಿಲ್ಲಿಸಿದ, ಅವನೇ ಅವಳನ್ನು ಹಿಡಿದು ಹತ್ತಿಸಿದ. ಆಸ್ಪತ್ರೆಯ ಬಾಗಿಲಲ್ಲಿ ಮಾತ್ರ ನನ್ನ ಕೈ ಹಿಡಿದುಕೊಂಡು ತೆಲುಗು ಕನ್ನಡ ಕಲಸಿ ಅಳಲು ಶುರುಮಾಡಿದ.

"ಅನ್ನಾ, ಮೀ ಕಾಳ್ಳು ಪಟ್ಟುಕೊಂಟಾ, ನಿಮ್ಮ ಕಾಲು ಹಿಡ್ಕೊಂತೀನಿ. ಗಾಡಿಗೆ ಇನ್ಶೂರೆನ್ಸ್ ಇಲ್ಲ, ಏನೂ ಇಲ್ಲ. ಪೊಲೀಸ್ರು ಗಾಡಿ ಹಿಡ್ಕೊಂಡ್ರೆ ಸೊಪ್ಪು ತರೋದು ಹೆಂಗೆ? ಹುಳ ನಾಕ್ನೇ ಜ್ವರ ಎದ್ದವೆ ಅಣ್ಣಾ."

ಬೇರೆ ಯಾರಿಗೇ ಹೇಳಿದ್ದರೂ ಆ ಮಾತು ಅರ್ಥವಾಗುತ್ತಿರಲಿಲ್ಲ. ನಾಲ್ಕನೇ ಸಲ ಪೊರೆ ಬಿಟ್ಟು ಎದ್ದ ರೇಷ್ಮೆಹುಳಕ್ಕೆ ತಾಳಲಾರದ ಹಸಿವು. ಒಂದು ಹೊತ್ತು ಸೊಪ್ಪು ತಪ್ಪಿದರೂ ಗೂಡು ಸೊರಗುತ್ತದೆ. ನಾನು ಗೂಡಿನಲ್ಲಿ ಅನ್ನ ತಿನ್ನುವವನು, ಕರಗಿಹೋದೆ. ಒಳಗೆ ಚೀಟಿ ಬರೆಯುವವರು ಹೇಗಾಯಿತು ಎಂದು ಕೇಳಿದಾಗ "ನಾವೇ ಬಿದ್ವಿ" ಅಂದೆ. ಸ್ಟ್ರೆಚರಿನ ಮೇಲಿದ್ದ ಹೆಂಡತಿ ಮುಖ ತಿರುಗಿಸಿ ನನ್ನನ್ನು ನೋಡಿದಳು. ಆ ಹೊತ್ತಿಗೆ ನನಗೆ ನಾನೇ ದೊಡ್ಡ ಮನುಷ್ಯನಾಗಿ ಕಂಡಿದ್ದೆ. ನೆನೆಸಿಕೊಂಡರೆ ಈಗ ಮೈ ಉರಿಯುತ್ತದೆ.

ಮಣಿಕಟ್ಟಿನ ಮೂಳೆ ಕೂಡಿಕೊಂಡಿತು. ಬ್ಯಾಂಡೇಜು ಬಿಚ್ಚಿದ ಮೇಲೆ ಗೊತ್ತಾಯಿತು, ಬೆರಳುಗಳು ಕೂಡಿಕೊಂಡಿಲ್ಲವೆಂದು. ನರಕ್ಕೆ ಪೆಟ್ಟಾಗಿದೆ, ಬೆಂಗಳೂರಿನಲ್ಲಿ ಆಪರೇಷನ್ ಮಾಡಿಸಿದರೆ ಸ್ಪರ್ಶ ಬರಬಹುದು, ಬೇಗ ಮಾಡಿಸಿ ಎಂದರು ಡಾಕ್ಟರು. ಅದು ನಮ್ಮ ಕೈಗೆಟುಕುವ ಮಾತಾಗಿರಲಿಲ್ಲ. ಆಸ್ಪತ್ರೆಯಲ್ಲಿ ನಂಬರು ಕೊಟ್ಟುಹೋಗಿದ್ದ ಮೊಪೆಡ್ಡಿನವನಿಗೆ ಫೋನು ಮಾಡಿದೆ. "ಕಂಪ್ಲೇಂಟ್ ಕೊಡಿ ಅಣ್ಣಾ, ಜೈಲಿಗೆ ಬೇಕಾದ್ರೆ ಹೋಗ್ತೀನಿ, ಕೊಡಕ್ಕೆ ಮಾತ್ರ ನನ್ನತ್ರ ಏನೂ ಇಲ್ಲ" ಅಂದ. ಅವನು ಸುಳ್ಳು ಹೇಳುತ್ತಿರಲಿಲ್ಲ. ಅದೇ ತಾಪತ್ರಯ.

ಚಿಂತಾಮಣಿಯ ವಕೀಲರು ಆಸ್ಪತ್ರೆಯ ಚೀಟಿಯನ್ನು ಎರಡು ಸಲ ಓದಿದರು.

"ಅವನ ಮೇಲೆ ಕೇಸ್ ಹಾಕಿದ್ರೆ ಡಿಕ್ರಿ ಬರುತ್ತೆ, ದುಡ್ಡು ಬರಲ್ಲ. ನಿಮ್ಮ ಸ್ಕೂಟರ್‌ಗೆ ಪೂರ್ತಿ ಇನ್ಶೂರೆನ್ಸ್ ಇದೆ, ತಪ್ಪು ನಿಮ್ದು ಅಂತಾದ್ರೆ ಹಿಂದೆ ಕೂತೋರಿಗೂ ಸಿಗುತ್ತೆ. ಚೀಟೀಲಿ ಹೆಂಗೂ ನೀವೇ ಬಿದ್ವಿ ಅಂತಿದೆ. ನೀವು ಬೀಳಿಸಿದ್ರಿ ಅಂತ ನಿಮ್ಮ ಮನೆಯವರು ಕೇಸ್ ಹಾಕ್ಲಿ."

"ನನ್ನ ಮೇಲಾ?"

"ಇನ್ಯಾರ ಮೇಲೆ?"

ನಿಜ ಹೇಳಿದರೆ ಏನೂ ಸಿಗುವುದಿಲ್ಲ, ನಾನು ಹೇಳಿದ ಸುಳ್ಳನ್ನೇ ಮುಂದುವರಿಸಿದರೆ ಬೆರಳು ಸಿಗುತ್ತದೆ. ವಕೀಲರು ಇದನ್ನು ಬಸ್ಸಿನ ಟೈಮು ಹೇಳಿದಷ್ಟು ಸಲೀಸಾಗಿ ಹೇಳಿದರು. ಹೂಂ ಅನ್ನದೆ ನನಗೆ ಬೇರೆ ದಾರಿ ತೋಚಲಿಲ್ಲ.

ಸ್ಟೇಷನ್ನಿನಲ್ಲಿ ಬರೆದುಕೊಳ್ಳುವವರು ಅವಳನ್ನು ಕೇಳಿದರು, "ಯಾರ ಮೇಲಮ್ಮ ಕಂಪ್ಲೇಂಟು?"

"ನಮ್ಮ ಯಜಮಾನ್ರ ಮೇಲೆ."

"ಎಲ್ಲಿದಾರೆ ಅವರು?"

"ಇಲ್ಲೇ ಕೂತವ್ರಲ್ಲ."

ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಬರೆದುಕೊಂಡರು. ಆಮೇಲೆ ನಾನು ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡು ದಂಡ ಕಟ್ಟಿದೆ. ಮೂವತ್ತು ವರ್ಷ ಗಾಡಿ ಓಡಿಸಿ ಒಂದು ಕೋಳಿಯನ್ನೂ ತುಳಿಯದವನು, ಅತಿವೇಗ ಮತ್ತು ಅಜಾಗರೂಕತೆ ಎಂಬ ಮಾತಿನ ಕೆಳಗೆ ಸಹಿ ಹಾಕಿದೆ.

ಪರಿಹಾರದ ಕೇಸು ವಾಯಿದೆಯಿಂದ ವಾಯಿದೆಗೆ ಹೋಯಿತು. ಬೇಗ ಎಂದಿದ್ದ ಡಾಕ್ಟರ ಮಾತು ನೆನಪಾಗುತ್ತದೆಂದು ನಾನು ಕ್ಯಾಲೆಂಡರಿನ ಕಡೆ ನೋಡುವುದನ್ನೇ ಬಿಟ್ಟೆ. ಅವಳ ಸಾಕ್ಷಿಯ ದಿನ ಹತ್ತಿರ ಬಂದಾಗ ಮಗ್ಗಿ ಕಲಿಸುವ ಹಾಗೆ ಕಲಿಸಿದೆ: ನಮ್ಮ ಯಜಮಾನರು ಜೋರಾಗಿ ಓಡಿಸಿದರು, ಗಾಡಿ ಜಾರಿತು, ಬಿದ್ದೆವು. ಅವಳು ಹಿಟ್ಟು ನಾದುತ್ತಾ ಒಪ್ಪಿಸುತ್ತಿದ್ದಳು. ಬೇರೆ ಯಾವ ಗಾಡಿಯೂ ಇರಲಿಲ್ಲ ಎಂಬ ಕಡೆ ಮಾತ್ರ ಪ್ರತಿ ಸಲವೂ ತಡವರಿಸುತ್ತಿದ್ದಳು.

ಕಟಕಟೆಯಲ್ಲಿ ನಿಂತು ಅಷ್ಟನ್ನೂ ತಪ್ಪಿಲ್ಲದೆ ಹೇಳಿದಳು. ನನಗೆ ಉಸಿರು ಬಂತು. ಆಮೇಲೆ ಇನ್ಶೂರೆನ್ಸ್ ಕಡೆಯ ವಕೀಲರು ಎದ್ದರು. ವಯಸ್ಸಾದವರು, ಮೆತ್ತಗಿನ ದನಿ.

"ಅಮ್ಮಾ, ನಿಮ್ಮ ಯಜಮಾನ್ರು ಯಾವಾಗ್ಲೂ ಹಿಂಗೇ ಓಡಿಸ್ತಾರಾ? ಅವತ್ತೇನಾದ್ರೂ ಕುಡಿದಿದ್ರಾ?"

ಅವಳ ಮುಖ ಬದಲಾಗಿದ್ದು ನನಗೆ ಹಿಂದಿನ ಬೆಂಚಿನಿಂದಲೇ ಕಾಣಿಸಿತು.

"ಅವರು ಕುಡಿಯೋರಲ್ಲ ಸ್ವಾಮಿ. ನಿಧಾನಕ್ಕೇ ಹೋಗ್ತಿದ್ರು. ಹಿಂದ್ಗಡೆಯಿಂದ ಸೊಪ್ಪಿನ ಗಾಡಿ ಬಂದು ಗುದ್ದಿದ್ದು."

ಟೈಪು ಮಾಡುವವರು ಅಷ್ಟನ್ನೂ ಟೈಪು ಮಾಡಿದರು. ನಮ್ಮ ವಕೀಲರು ತಲೆ ಎತ್ತಿ ಫ್ಯಾನು ನೋಡಿದರು. ಕೆಲವು ತಿಂಗಳ ಮೇಲೆ ಅರ್ಜಿ ವಜಾ ಆದದ್ದನ್ನು ಅವರು ಫೋನಿನಲ್ಲಿ ತಿಳಿಸಿದರು. ಆದರೆ ನಮಗೆ ಅದು ಅವತ್ತೇ ಗೊತ್ತಾಗಿತ್ತು.

ಅವತ್ತು ಕೋರ್ಟಿನ ಹೊರಗೆ ನಾನು ಅವಳ ಮೇಲೆ ರೇಗಿದೆ. ಯಾರೋ ಕುಡುಕ ಅಂದರೆ ಅನ್ನಲಿ, ನಿನ್ನ ಬೆರಳಿಗಿಂತ ನನ್ನ ಮಾನ ಹೆಚ್ಚೇ ಎಂದು ಕೂಗಾಡಿದೆ. ಟೀ ಅಂಗಡಿಯವರೆಲ್ಲ ತಿರುಗಿ ನೋಡಿದರು. ಅವಳು ಸೆರಗು ಸರಿಮಾಡಿಕೊಂಡಳು.

"ಆಸ್ಪತ್ರೇಲಿ ಯಾರೋ ಗುರುತಿಲ್ಲದೋನನ್ನ ನೀವು ಬಿಟ್ಕೊಡ್ಲಿಲ್ಲ. ನನ್ನ ಒಂದು ಮಾತೂ ಕೇಳ್ಲಿಲ್ಲ. ನಾನು ನಿಮ್ಮನ್ನ ಹೆಂಗ್ರೀ ಬಿಟ್ಕೊಡ್ಲಿ?"

ಶಿಡ್ಲಘಟ್ಟದ ಬಸ್ಸು ಹತ್ತಿ ಇಬ್ಬರೂ ಊರಿಗೆ ಬಂದೆವು.

ಈಗ ಗೂಡಿನ ಮುಂದೆ ಕೂರುವುದು ನಾನು. ಎಳೆ ಹರಿಯುತ್ತದೆ, ಗಂಟಾಗುತ್ತದೆ, ಅರ್ಧ ನೂಲು ದಂಡ. ಮೊನ್ನೆ ಅವಳು ನನ್ನನ್ನು ಎಬ್ಬಿಸಿ ತಾನೇ ಕೂತಳು. ಬಿಸಿನೀರಿಗೆ ಬಲಗೈ ಇಳಿಸಿ, ಎರಡು ಬೆರಳು ಸೇರಿಸಿ ಮೆಲ್ಲಗೆ ಮೇಲೆತ್ತಿದಳು. ಹಬೆಗೆ ಅವಳ ಕನ್ನಡಕ ಮಸುಕಾಗಿತ್ತು.

"ಸಿಕ್ತಾ ನೋಡ್ರೀ ಎಳೆ?" ಅಂದಳು.

ಬೆರಳ ಮಧ್ಯೆ ಏನೂ ಇರಲಿಲ್ಲ. ನಾನು ಸಿಕ್ತು ಅಂದೆ.