ದುರ್ಗಿ ದಿಲ್ಲಿ ನೋಡಿ ಬಂದದ್ದು

ತದಡಿಯ ದುರ್ಗಿಗೆ ಹೇಸಿಗೆ ಬೇಗ. ಬೇರೆಯವರ ಲೋಟಕ್ಕೆ ಬಾಯಿ ಹಚ್ಚಳು, ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಕಾಗದ ಹಾಸದೆ ಕೂರಳು. ಕುಮಟೆಯ ಮೀನುಪೇಟೆಯಲ್ಲಿ ತಾನು ಕೂರುವ ಕಟ್ಟೆಯನ್ನು ವ್ಯಾಪಾರಕ್ಕೆ ಮೊದಲೊಮ್ಮೆ, ಮುಗಿದ ಮೇಲೊಮ್ಮೆ ತಾನೇ ತಿಕ್ಕಿ ತೊಳೆಯುತ್ತಾಳೆ. ಮದುವೆಯಾಗಿ ಬಂದ ಹೊಸದರಲ್ಲಿ ಮೀನುಬುಟ್ಟಿ ಹಿಡಿದು ಬಸ್ಸು ಹತ್ತಿದಾಗ ಪಕ್ಕದ ಸೀಟಿನ ಹೆಂಗಸು ಮೂಗಿಗೆ ಸೆರಗು ಒತ್ತಿಕೊಂಡು ಎದ್ದುಹೋಗಿದ್ದಳು. ಅಂದಿನಿಂದ ದುರ್ಗಿ ಪೇಟೆಯಿಂದ ಬಂದವಳೇ ಬಾವಿಕಟ್ಟೆಗೆ ಹೋಗುತ್ತಾಳೆ. ಲಿಂಬೆ ಸಿಪ್ಪೆಯಿಂದ ಉಗುರಸಂದಿಯನ್ನೂ ಬಿಡದೆ ಉಜ್ಜಿ, ಮಿಂದು, ಸೀರೆ ಬದಲಿಸಿದ ಮೇಲೆಯೇ ಮನೆಯೊಳಗೆ ಕಾಲಿಡುವುದು.

ಇಂಥವಳು ದಿಲ್ಲಿಗೆ ಹೊರಟದ್ದು ಗಂಡ ಸೋಮನ ಆಸೆಗಾಗಿ. ಸೋಮ ಬೋಟಿನಲ್ಲಿ ದುಡಿಯುವವನು. ಜೂನ್ ತಿಂಗಳು ಬಂತೆಂದರೆ ಮಳೆಗಾಲಕ್ಕೆಂದು ಮೀನುಗಾರಿಕೆ ಬಂದ್. ಅವನಿಗೆ ಬಿಡುವು ಸಿಗುವುದು ಆಗ ಮಾತ್ರ. ಹೊನ್ನಾವರದ ನರೇಶ ಎಂಬವನು ಜನ ಕಟ್ಟಿಕೊಂಡು ಪ್ರವಾಸಕ್ಕೆ ಹೋಗುತ್ತಾನೆಂದು ಕೇಳಿ ಸೋಮ ಇಬ್ಬರ ಹೆಸರನ್ನೂ ಕೊಟ್ಟುಬಂದ. ಪಕ್ಕದ ಮನೆಯ ಗೀತಾಂಜಲಿಯೂ ಹೊರಟಳು.

"ಅಲ್ಲಿ ಈಗ ಸೆಕೆ ಅಲ್ದನಾ?" ಎಂದು ದುರ್ಗಿ ಕೇಳಿದ್ದಳು.

"ಎಂತ ಸೆಕೆ ಅಕ್ಕ? ಬಸ್ಸು ಎಸಿ, ರೂಮಿಗೆ ಕೂಲರು" ಎಂದಿದ್ದ ನರೇಶ.

ಕುಮಟೆಯಲ್ಲಿ ರೈಲು ಹತ್ತುವಾಗ ಮಳೆ ಹನಿಯುತ್ತಿತ್ತು. ದಿಲ್ಲಿಯಲ್ಲಿ ಇಳಿದಾಗ ಒಲೆಯ ಬಾಯಿಗೆ ಮುಖ ಒಡ್ಡಿದ ಹಾಗಾಯಿತು. ಊರಲ್ಲೂ ಸೆಕೆಯಿದೆ, ಆದರೆ ಅದು ಬೆವರಿನ ಸೆಕೆ. ಹೊಳೆಯ ಕಡೆಯಿಂದ ಗಾಳಿ ಬಂದರೆ ಮೈ ಆರುತ್ತದೆ. ಇಲ್ಲಿ ಗಾಳಿಯೇ ಸುಡುತ್ತಿತ್ತು. ಬೆವರು ಕಾಣುವ ಮೊದಲೇ ಒಣಗಿ, ಧೂಳಿನೊಂದಿಗೆ ಸೇರಿ ಕುತ್ತಿಗೆಯ ಮೇಲೆ ಪದರವಾಗಿ ಕೂತಿತು. ಬೆರಳಿನಿಂದ ಉಜ್ಜಿದರೆ ಕಪ್ಪು ಎಳೆಗಳು ಉರುಳಿ ಬಂದವು. ತನ್ನ ಮೈಯೇ ತನಗೆ ಬೇಡವೆನಿಸಿತು.

ಲಾಡ್ಜಿನ ರೂಮಿನಲ್ಲಿ ಕೂಲರಿನ ಸ್ವಿಚ್ಚು ಹಾಕಿದ್ದೇ ತಡ, ಕೊಳೆತ ಏಡಿಯ ವಾಸನೆ ಹೊಡೆಯಿತು. ದುರ್ಗಿ ಕೂಲರಿನ ಹಿಂದೆ ಹೋಗಿ ಇಣುಕಿದಳು. ಗಾಳಿ ತಂಪಾಗಲೆಂದು ಅದರೊಳಗೆ ನೀರು ತುಂಬಿಟ್ಟಿದ್ದರು. ತೊಟ್ಟಿಯ ನೀರಿನ ಮೇಲೆ ಹಸಿರು ಪಾಚಿ, ಪಾರಿವಾಳದ ಪುಕ್ಕ, ನೆನೆದು ಉಬ್ಬಿದ ಬೀಡಿ ತುಂಡು.

"ತಂಪು ಬರ್ತದಲ್ಲ, ಸುಮ್ನೆ ಮಲಗು" ಎಂದ ಸೋಮ.

"ಆ ನೀರಿನ ಗಾಳಿಯೇ ಅಲ್ದ ನಮ್ಮ ಮೂಗಿನೊಳಗೆ ಹೋಗುದು?" ಎಂದು ಅವಳು ಸ್ವಿಚ್ಚು ತೆಗೆದಳು. ಇಬ್ಬರೂ ಬೆಂದ ಗೆಣಸಿನ ಹಾಗೆ ಹೊರಳಾಡಿದರು.

ಮರುದಿನ ಬಸ್ಸೂ ಹಾಗೆಯೇ. ಎಸಿ ಇತ್ತು, ಆದರೆ ಅದು ಉಗುಳುತ್ತಿದ್ದದ್ದು ಹಿಂದಿನ ಪ್ರವಾಸದವರ ಪೂರಿಯ ಎಣ್ಣೆ ವಾಸನೆ, ಕಾಲುಚೀಲದ ವಾಸನೆ. ಕಿಟಕಿ ತೆಗೆಯಲು ಬರುವಂತಿರಲಿಲ್ಲ. ಯಾರೋ ವಾಂತಿ ಮಾಡಿದ ಪ್ಲಾಸ್ಟಿಕ್ ಚೀಲವೊಂದು ಸೀಟಿನ ಕೊಕ್ಕೆಯಲ್ಲಿ ತೂಗುತ್ತಿತ್ತು. ನರೇಶ ಬೆಳಗಿನ ತಂಪು ಹೊತ್ತನ್ನೆಲ್ಲ ಸೀರೆ ಅಂಗಡಿಗಳಲ್ಲಿ ಕಳೆದು, ಸೂರ್ಯ ನೆತ್ತಿಗೆ ಬರುವಾಗ ಜನರನ್ನು ಒಂದು ಹಳೆಯ ಕೋಟೆಯ ಮುಂದೆ ಇಳಿಸಿದ.

ಅಲ್ಲಿ ದುರ್ಗಿ ಶೌಚಾಲಯಕ್ಕೆ ಹೋದಳು. ಬಾಗಿಲು ತಳ್ಳಿ ಒಳಗೆ ನೋಡಿ, ಹಾಗೆಯೇ ಹಿಂದಕ್ಕೆ ಬಂದಳು.

"ನೀರು ಕುಡ್ದ್ರೆ ಅಲ್ಲಿಗೆ ಹೋಗ್ಬೇಕು. ನಾ ಒಂದು ಹನಿಯೂ ಕುಡಿಯುದಿಲ್ಲ" ಎಂದು ಗೀತಾಂಜಲಿಗೆ ಹೇಳಿದಳು.

"ನಾನು ನಿನ್ನೆಯಿಂದ್ಲೇ ಕುಡಿಯುದು ಬಿಟ್ಟಿದ್ದೆ" ಎಂದಳು ಗೀತಾಂಜಲಿ. ಕೇಳಿದರೆ ಬಸ್ಸಿನ ಹೆಂಗಸರೆಲ್ಲ ಅದನ್ನೇ ಮಾಡುತ್ತಿದ್ದರು. ಬಾಯಿ ಬಿಟ್ಟು ಹೇಳಿರಲಿಲ್ಲ, ಅಷ್ಟೆ.

ಕೋಟೆಯ ಕಲ್ಲು ಚಪ್ಪಲಿಯನ್ನು ದಾಟಿ ಅಂಗಾಲು ಸುಡುತ್ತಿತ್ತು. ನರೇಶ ಯಾವ ರಾಜ ಎಲ್ಲಿ ಕೂರುತ್ತಿದ್ದನೆಂದು ಹೇಳುತ್ತಿದ್ದ. ದುರ್ಗಿಗೆ ಅದೆಲ್ಲ ನೀರಿನಡಿ ಕೂತು ಕೇಳಿದ ಹಾಗಿತ್ತು. ಬೆಳಗಿನಿಂದ ಸಿಡಿಯುತ್ತಿದ್ದ ತಲೆನೋವು ನಿಂತು ಚಳಿ ಬಂದ ಹಾಗಾಯಿತು, ತೋಳಿನ ಕೂದಲು ನಿಮಿರಿದವು. "ಜಯಂತಿ, ಬಾಗ್ಲು ಹಾಕು" ಎಂದು ಗೀತಾಂಜಲಿಗೆ ಹೇಳಿದಳು. ಜಯಂತಿ ದುರ್ಗಿಯ ಮಗಳು, ಭಟ್ಕಳದಲ್ಲಿ ಗಂಡನ ಮನೆಯಲ್ಲಿದ್ದಳು. ಗೀತಾಂಜಲಿ ಗಾಬರಿಯಿಂದ ತೋಳು ಹಿಡಿಯುವಷ್ಟರಲ್ಲಿ ದುರ್ಗಿ ಕುಸಿದು, ತನ್ನ ಸೀರೆಯ ಮೇಲೆಯೇ ವಾಂತಿ ಮಾಡಿಕೊಂಡಳು. ಸುತ್ತ ನಿಂತವರು ಹಿಂದೆ ಸರಿದರು. ಒಬ್ಬಳು ದುಪಟ್ಟಾದಿಂದ ಮೂಗು ಮುಚ್ಚಿದಳು. ಅಷ್ಟು ಕತ್ತಲೆ ಕವಿದ ಕಣ್ಣಿಗೂ ಅದು ಕಂಡಿತು.

ಸೋಮ ಅವಳನ್ನು ಎತ್ತಿ ಗೋಡೆಯ ನೆರಳಿಗೆ ತಂದ. ಗೇಟಿನ ಹತ್ತಿರ ನೀರು ಮಾರುವ ಗಾಡಿಯಿತ್ತು. ಗೀತಾಂಜಲಿ ಓಡಿಹೋಗಿ ಒಂದು ಲೋಟ ತಂದಳು. ಎಷ್ಟು ಜನ ಬಾಯಿಟ್ಟಿದ್ದರೋ, ಅಂಚೆಲ್ಲ ಜಿಡ್ಡು, ಎಲೆಯಡಿಕೆಯ ಕೆಂಪು. ದುರ್ಗಿ ಅದನ್ನು ನೋಡಿದಳು, ಕಣ್ಣು ಮುಚ್ಚಿದಳು, ಕುಡಿದಳು. ಇನ್ನೊಂದು ಲೋಟವನ್ನೂ ಕುಡಿದಳು. ಸೋಮ ತನ್ನ ಟವೆಲನ್ನು ನೆನೆಸಿ ಅವಳ ತಲೆಗೆ, ಕುತ್ತಿಗೆಗೆ ಸುತ್ತಿದ. ಹತ್ತಿರದ ದವಾಖಾನೆಯಲ್ಲಿ ಸಲಾಯಿನ್ ಏರಿಸಿದ ಡಾಕ್ಟರು, ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದರಂತೆ.

ಆ ಸಂಜೆ ನರೇಶ ರೂಮಿಗೆ ಬಂದ. "ನಾಳೆ ನೀವು ಆರಾಮು ಮಾಡಿ ಅಕ್ಕ, ಉಳಿದವ್ರು ಹೋಗಿ ಬರ್ತ್ರು."

"ನಾಳೆ ನಾನೂ ಬರುವವ್ಳೇ" ಎಂದಳು ದುರ್ಗಿ, ದಿಂಬಿಗೆ ಒರಗಿಕೊಂಡೇ. "ಬೆಳಕು ಹರಿಯುದರೊಳಗೆ ಬಸ್ಸು ಬಿಡ್ಬೇಕು. ಸೀರೆ ಅಂಗಡಿ ಬೇಡ. ಬಿಸ್ಲು ಏರಿದ ಮೇಲೆ ನಾವು ಹೆಂಗಸ್ರು ಒಬ್ರೂ ರೂಮು ಬಿಟ್ಟು ಏಳುದಿಲ್ಲ. ಸಂಜೆ ಮತ್ತೆ ಹೊರಡುವ."

"ಹಾಂಗೆ ಮಾಡಿದ್ರೆ ಎಲ್ಲ ತೋರ್ಸೂಕೆ ಆಗುದಿಲ್ಲ."

"ಅರ್ಧವೇ ತೋರ್ಸು. ಜೀವ ಇಟ್ಕಂಡು ನೋಡ್ತೇವೆ."

ಬಾಗಿಲಲ್ಲಿ ನಿಂತಿದ್ದ ಹೆಂಗಸರು ಹೌದೆಂದರು. ನರೇಶನಿಗೆ ಒಪ್ಪದೆ ಬೇರೆ ದಾರಿಯಿರಲಿಲ್ಲ. ಸೋಮ ಕೂಲರನ್ನು ಬಿಚ್ಚಿ, ಅವಳು ಮಂಚದಿಂದಲೇ ಹೇಳಿದಂತೆ ತೊಟ್ಟಿ ತಿಕ್ಕಿ, ಹೊಸ ನೀರು ತುಂಬಿದ. ಆಗ ಬಂದ ಗಾಳಿಗೆ ಒದ್ದೆ ಹುಲ್ಲಿನ ವಾಸನೆಯಿತ್ತು. ಅವಳು ನಿದ್ದೆ ಹೋದಳು.

ಉಳಿದ ದಿನಗಳಲ್ಲಿ ದುರ್ಗಿಯ ಕೈಚೀಲದಲ್ಲಿ ಫಿನಾಯಿಲ್ ಬಾಟಲಿ, ಒಂದು ಮೋಟು ಪೊರಕೆ. ಬಸ್ಸು ನಿಂತಲ್ಲೆಲ್ಲ ಅವಳೇ ಮೊದಲು ಶೌಚಾಲಯಕ್ಕೆ ನುಗ್ಗಿ, ಬೈಯುತ್ತ, ಉಸಿರು ಹಿಡಿದು ತೊಳೆದು ಬರುತ್ತಿದ್ದಳು, ಆಮೇಲೆ ಉಳಿದವರು. ಎಲ್ಲರೂ ಹೊಟ್ಟೆ ತುಂಬ ನೀರು ಕುಡಿದರು. ಒಂದು ಬೆಳಿಗ್ಗೆ ಯಾವುದೋ ಗೋರಿಯ ಮುಂದೆ ಕಲ್ಲು ಇನ್ನೂ ತಣ್ಣಗಿತ್ತು, ಗಿಳಿಗಳು ಕೂಗುತ್ತಿದ್ದವು. ಚೆಂದವೇ ಇದೆ ಎಂದುಕೊಂಡು ಅವಳು ಕೆತ್ತನೆಯ ಜಾಲರಿಗೆ ಕೈಯಿಟ್ಟಳು. ಬೆರಳಿಗೆ ಅಂಟಿದ್ದು ಗುಟ್ಕಾದ ಉಗುಳು. ಬಾಟಲಿಯ ನೀರನ್ನೆಲ್ಲ ಆ ಕೈಗೇ ಸುರಿದಳು.

ಊರಿಗೆ ಬಂದ ಮೇಲೆ ಕೇರಿಯವರು ಕೇಳಲು ಬಂದರು. ಸೋಮ ಗುಮ್ಮಟಗಳ ಕಥೆ ಹೇಳಿದ. ದುರ್ಗಿ ಶೌಚಾಲಯಗಳ ಕಥೆ ಹೇಳಿದಳು, ಒಂದನ್ನೂ ಬಿಡದೆ. ಕೇಳುತ್ತ ಕೂತವರು ಚಹಾದ ಲೋಟ ಕೆಳಗಿಟ್ಟರು.

"ಬರುವ ವರ್ಷ ಜೈಪುರಕ್ಕೆ ಹೋಗ್ವನಾ?" ಎಂದ ಸೋಮ, ಅವರೆಲ್ಲ ಹೋದ ಮೇಲೆ.

ದುರ್ಗಿ ಚಹಾ ಉಳಿದ ಲೋಟಗಳನ್ನು ಎತ್ತಿಕೊಂಡಳು. "ಹೋಗುದಾದ್ರೆ ಚಳಿಗಾಲಕ್ಕೆ. ಬೋಟು ನಾಕು ದಿನ ನೀನಿಲ್ದೇ ಹೋಗ್ಲಿ."