ಎತೆಲ್ಕಾ ನೇನಿಯ ಎಡ ತಿರುವು

ಬೆಳಗಿನ ಐದೂವರೆ. ಸೆಗೆಡ್ ಊರಿನ ಮೊದಲ ಟ್ರಾಮ್ ಇನ್ನೂ ಆಕಳಿಸುತ್ತಾ ತಿರುವು ತೆಗೆದುಕೊಳ್ಳುತ್ತಿದೆ. ಸಂಶೋಧನಾಲಯದ ಮೂರನೇ ಮಹಡಿಯ ಕಿಟಕಿಯಿಲ್ಲದ ಕೋಣೆಯಲ್ಲಿ, ಸೈಕಲ್ಲಿನ ಹಿಂದೀಪದ ಕೆಂಪು ಬೆಳಕಲ್ಲಿ, ಅರವತ್ತೊಂದರ ಕಲ್ಲೋಯ್ ಎತೆಲ್ಕಾ (ಇಲ್ಲಿಯ ಹುಡುಗರಿಗೆ ‘ನೇನಿ’, ಅಂದರೆ ದೊಡ್ಡಮ್ಮ) ಎಡಗೈ ಮುಷ್ಟಿ ಬಿಗಿಹಿಡಿದು ಕೂತಿದ್ದಾರೆ. ಮುಷ್ಟಿಯೊಳಗೆ ಬೆರಳ ತುದಿಯಷ್ಟು ದೊಡ್ಡ ಟ್ಯೂಬು. ಟ್ಯೂಬಿನೊಳಗೆ ಕಣ್ಣೀರಿಗಿಂತ ಚಿಕ್ಕ ಹನಿ. ಫ್ರೀಜರಿನಲ್ಲಿ ಹೆಪ್ಪುಗಟ್ಟಿದ್ದು ಅಂಗೈ ಶಾಖಕ್ಕೆ ಕರಗಬೇಕು.

“ಯಂತ್ರಕ್ಕೆ ಕೊಟ್ರೆ ಅದು ಬಿಸಿ ಮಾಡುತ್ತೆ, ಕೈ ಬೆಚ್ಚಗೆ ಮಾಡುತ್ತೆ. ಎರಡೂ ಒಂದೇ ಅನ್ನೋರು ಅಡುಗೆ ಮಾಡಿಲ್ಲ,” ಎನ್ನುತ್ತಾರೆ.

ಹನಿಯ ಹೆಸರು ಬ್ಲೆಬ್ಬಿಸ್ಟಾಟಿನ್. ಒಂದು ಜೀವಕೋಶ ಎರಡಾಗುವಾಗ, ಅದರ ನಡುವಿಗೆ ಮಯೋಸಿನ್ ಎಂಬ ಪ್ರೋಟೀನು ಚೀಲದ ಬಾಯಿಗೆ ಲಾಡಿ ಎಳೆದಂತೆ ಬಿಗಿಯುತ್ತದೆ. ಈ ಹನಿ ಲಾಡಿ ಎಳೆಯುವ ಕೈಯನ್ನು ಹಿಡಿದು ನಿಲ್ಲಿಸುತ್ತದೆ. ಆಮೇಲೆ ತೊಳೆದುಬಿಟ್ಟರೆ ಕೈ ಮತ್ತೆ ಎಳೆಯಲು ಶುರು. ಇಷ್ಟು ಸಭ್ಯವಾದ ಪದಾರ್ಥಕ್ಕೆ ಒಂದೇ ದುರ್ಗುಣ: ಬೆಳಕು ಬಿದ್ದರೆ ಕೆಡುತ್ತದೆ, ನೀಲಿ ಬೆಳಕಾದರಂತೂ ಕೆಟ್ಟು ವಿಷವಾಗುತ್ತದೆ. ಹಾಗಾಗಿ ಕೋಣೆಯ ಯಂತ್ರಗಳ ಮಿಣುಕು ದೀಪಗಳಿಗೆಲ್ಲ ಎತೆಲ್ಕಾ ಉಗುರುಬಣ್ಣ ಬಳಿದಿದ್ದಾರೆ, ಎರಡೆರಡು ಸಲ. ತಮ್ಮ ಉಗುರಿಗೆ ಒಮ್ಮೆಯೂ ಬಳಿದವರಲ್ಲ.

ಓದಿದ್ದು ಎಂಟನೇ ತರಗತಿ. ಹದಿನಾರು ವರ್ಷ ಸಲಾಮಿ ಕಾರ್ಖಾನೆಯಲ್ಲಿ ದಿನಕ್ಕೆ ಒಂಬೈನೂರು ಮಾಂಸದ ಕೊಳವೆಗಳ ತುದಿ ತಿರುಚಿ ಕಟ್ಟಿದರು. ಎಡಗೈಯವರು, ಎಲ್ಲರದ್ದೂ ಬಲಕ್ಕೆ ತಿರುಗಿದರೆ ಇವರದ್ದು ಎಡಕ್ಕೆ. ಮೇಸ್ತ್ರಿ ಬೈದರೂ ಬದಲಾಗಲಿಲ್ಲ. ತುದಿ ಕಟ್ಟುವ ಯಂತ್ರ ಬಂದ ದಿನ ನಲವತ್ತು ಹೆಂಗಸರ ಜೊತೆ ಹೊರಬಿದ್ದರು. ಇಲ್ಲಿ ಗಾಜಿನ ಪಾತ್ರೆ ತೊಳೆಯಲು ಸೇರಿ ಇಪ್ಪತ್ತೆರಡು ವರ್ಷವಾಯಿತು. ಹುಡುಗರು ಹನಿ ಚೆಲ್ಲುವುದನ್ನು ನೋಡಲಾರದೆ ಒಂದು ದಿನ ಹನಿ ಅಳೆಯುವ ಪಿಪೆಟ್ಟು ಕಸಿದುಕೊಂಡರಂತೆ. ವಾಪಸ್ಸು ಕೇಳುವ ಧೈರ್ಯ ಈವರೆಗೆ ಯಾರಿಗೂ ಬಂದಿಲ್ಲ.

ಬೆಳಕು ತಾಗದಂತೆ ಟ್ಯೂಬುಗಳಿಗೆ ಅವರು ಸುತ್ತುವುದು ಕ್ರಿಸ್ಮಸ್ ಮರಕ್ಕೆ ತೂಗುಬಿಡುವ ಮಿಠಾಯಿಯ ಬೇಗಡೆಯನ್ನು, ಎರಡು ಪದರ, ಎರಡೂ ತುದಿ ತಿರುಚಿ. ಅವರ ವಠಾರದ ಹನ್ನೊಂದು ಮನೆಗಳೂ ಜನವರಿಯಲ್ಲಿ ಬೇಗಡೆ ತಂದು ಇವರ ಬಾಗಿಲಿಗೆ ಸಿಕ್ಕಿಸುತ್ತವೆ. ಇನ್ನು, ಮರದಿಂದ ಮಿಠಾಯಿ ಕದ್ದು ತಿಂದು, ಖಾಲಿ ಬೇಗಡೆಯನ್ನು ತುಂಬಿದಂತೆ ಉಬ್ಬಿಸಿ ಅಲ್ಲೇ ತೂಗುಬಿಡುವ ವಿದ್ಯೆ ಇಲ್ಲಿ ಹಾಲುಹಲ್ಲಿನ ಜೊತೆಗೇ ಬರುತ್ತದೆ. ಹಲ್ಲು ಬಿದ್ದರೂ ಅದು ಹೋಗುವುದಿಲ್ಲ.

ಈ ಮಂಗಳವಾರದ ಸಂಕಟ ಹುಟ್ಟಿದ್ದು ಅಲ್ಲೇ. ಸಂಶೋಧನಾ ವಿದ್ಯಾರ್ಥಿನಿ ಬೊಗ್ಲಾರ್ಕಾಳ (ಎತೆಲ್ಕಾ ಬಾಯಲ್ಲಿ ಬೋಗಿ) ನಾಲ್ಕು ವರ್ಷದ ದುಡಿಮೆಗೆ ವಿಜ್ಞಾನ ಪತ್ರಿಕೆಯವರು ಒಂದು ಕೊಕ್ಕೆ ಹಾಕಿದ್ದಾರೆ: ಔಷಧಿ ಕೋಶವನ್ನು ತಡೆದಿದೆಯೋ, ಕೊಂದಿದೆಯೋ? ತೊಳೆದ ಮೇಲೆ ಅದೇ ಕೋಶ ಎರಡಾಗುವುದನ್ನು ಶುಕ್ರವಾರದೊಳಗೆ ತೋರಿಸಿ, ಇಲ್ಲವಾದರೆ ಲೇಖನ ವಾಪಸ್ಸು. ಹೊಸ ಸೀಸೆ ಬರಲು ಮೂರು ವಾರ. ಫ್ರೀಜರಿನ ಡಬ್ಬಿಯಲ್ಲಿದ್ದದ್ದು ಆರು ಟ್ಯೂಬು, ಮುಷ್ಟಿಯಲ್ಲಿರುವುದೂ ಸೇರಿ.

ಎತೆಲ್ಕಾ ಕೆಂಪು ಬೆಳಕಲ್ಲಿ ಉಳಿದವುಗಳಲ್ಲಿ ಮೊದಲನೆಯದನ್ನು ಬೆರಳಲ್ಲಿ ಸವರುತ್ತಾರೆ. ಎರಡನೆಯದು. ಮೂರನೆಯದು.

“ಬೋಗಿ, ಕೂತ್ಕೊ ಮಗಳೇ.”

“ಯಾಕೆ ನೇನಿ?”

“ಇವು ಬಲಕ್ಕೆ ತಿರುಗಿವೆ. ನನ್ನ ಕೈಯವಲ್ಲ.”

ಬಿಚ್ಚಿದರೆ ಐದೂ ಖಾಲಿ. ಎಡಕ್ಕೆ ತಿರುಗಿದ್ದು ಒಂದೇ ಒಂದು, ಮುಷ್ಟಿಯಲ್ಲಿರುವುದು. ಬೊಗ್ಲಾರ್ಕಾ ಅಳುವ ಮೊದಲೇ ಬಾಗಿಲಲ್ಲಿ ಕೆಮ್ಮು ಕೇಳುತ್ತದೆ: ವಿಭಾಗದ ಮುಖ್ಯಸ್ಥ ಪ್ರೊಫೆಸರ್ ವೆರೆಬ್, ಐವತ್ತೆಂಟು ವರ್ಷ, ಎರಡು ಪದಕ.

“ಕಳೆದ ವಾರ ಅತಿಥಿಗಳು ಬಂದಿದ್ರಲ್ಲ, ಅವರಿಗೆ ತೋರಿಸೋಕೆ... ಇನ್ನೊಂದು ಡಬ್ಬಿ ಇದೆ ಅಂದ್ಕೊಂಡೆ, ಎತೆಲ್ಕಾ.”

“ತೋರಿಸಿ ಮೇಷ್ಟ್ರೇ, ಬೇಡ ಅಂದೋರ್ಯಾರು? ಖಾಲಿಯಾದ್ಮೇಲೆ ಮತ್ಯಾಕೆ ಸುತ್ತಿಟ್ರಿ?”

ಪ್ರೊಫೆಸರರು ತಮ್ಮ ಬೆರಳುಗಳನ್ನೇ ನೋಡಿಕೊಳ್ಳುತ್ತಾರೆ. “ಗೊತ್ತಿಲ್ಲ. ಕೈ ತಾನಾಗೇ ಸುತ್ತಿಬಿಡ್ತು.”

“ಅಮ್ಮ ಬೈತಾರೆ ಅಂತ,” ಎನ್ನುತ್ತಾರೆ ಎತೆಲ್ಕಾ. “ಹೋಗಿ ಕಾಫಿ ಮಾಡಿ. ಬಾಗಿಲು ಹಾಕ್ಕೊಂಡು ಹೋಗಿ, ಬೆಳಕು ಬರುತ್ತೆ.”

ಒಂದು ಹನಿ, ಜೀವಕೋಶಗಳ ಒಂದು ತಟ್ಟೆ, ಒಂದೇ ಅವಕಾಶ. ಎತೆಲ್ಕಾ ಬೆಚ್ಚಗಿನ ದ್ರವಕ್ಕೆ ಹನಿಯನ್ನು ಹಾಲಿಗೆ ಹೆಪ್ಪು ಹಾಕುವಷ್ಟು ನಿಧಾನವಾಗಿ ಬಿಡುತ್ತಾರೆ, ಆತುರಪಟ್ಟರೆ ಹರಳುಗಟ್ಟುತ್ತದೆ. ಸೂಕ್ಷ್ಮದರ್ಶಕದ ಪರದೆಗೂ ಕೆಂಪು ಹಾಳೆ. ಅದರಲ್ಲಿ ದುಂಡಗಿನ ಕೋಶವೊಂದು ನಡು ಬಿಗಿಯಲಾರದೆ ಸುಮ್ಮನೆ ನಿಲ್ಲುತ್ತದೆ. ಇಪ್ಪತ್ತು ನಿಮಿಷ. ಎತೆಲ್ಕಾ ತೊಳೆಯುತ್ತಾರೆ: ಮೂರು ಸಲ, ತಟ್ಟೆಯ ಅಂಚಿನಿಂದ, ಕೋಶಕ್ಕೆ ತಾಗದ ಹಾಗೆ. ಇಪ್ಪತ್ತೆರಡು ವರ್ಷ ಪಾತ್ರೆ ತೊಳೆದ ಕೈ.

ಏನೂ ಆಗುವುದಿಲ್ಲ. ಹತ್ತು ನಿಮಿಷ. ಬೊಗ್ಲಾರ್ಕಾ ಪರದೆಗೆ ಬೆನ್ನು ಮಾಡಿ ನಿಂತಿದ್ದಾಳೆ.

“ಸತ್ತಿದೆಯಾ ನೇನಿ?”

“ಅವಸರ ಮಾಡ್ಬೇಡ. ಈಗಷ್ಟೇ ಎದ್ದಿದೆ.”

ಹದಿನಾಲ್ಕನೇ ನಿಮಿಷಕ್ಕೆ ಕೋಶದ ನಡುವಿನಲ್ಲೊಂದು ಸುಕ್ಕು ಕಾಣುತ್ತದೆ. ಸುಕ್ಕು ಆಳವಾಗುತ್ತದೆ, ನಡು ಸಣ್ಣದಾಗುತ್ತದೆ. ನೋಡನೋಡುತ್ತಿದ್ದಂತೆ ಒಂದಿದ್ದದ್ದು ಎರಡು. ಬೊಗ್ಲಾರ್ಕಾ ಮುದುಕಿಯ ಭುಜಕ್ಕೆ ಮುಖ ಒತ್ತಿ ಅತ್ತೇಬಿಡುತ್ತಾಳೆ. ಕ್ಯಾಮೆರಾ ಎಲ್ಲವನ್ನೂ ಹಿಡಿದಿದೆ. ಲೇಖನ ಶುಕ್ರವಾರಕ್ಕೆ ಕಾಯಬೇಕಿಲ್ಲ.

ಟ್ಯೂಬಿನ ತಳದಲ್ಲಿ ಚೂರು ಉಳಿದಿದೆ. ಅದು ಹಳದಿ ಬಣ್ಣವಂತೆ. ಕೆಂಪು ಬೆಳಕಲ್ಲಿ ಎತೆಲ್ಕಾ ಕಂಡಿರುವುದು ನೀರಿನಂಥ ಹನಿಯನ್ನೇ.

“ಬನ್ನಿ ನೇನಿ, ಹೊರಗಡೆ ಕಿಟಕಿ ಹತ್ರ ತೋರಿಸ್ತೀನಿ,” ಎಂದು ಬೊಗ್ಲಾರ್ಕಾ ಎಳೆಯುತ್ತಾಳೆ.

“ಕೆಟ್ಟದ್ದನ್ನ ಕಸದ ಬುಟ್ಟೀಲಿ ಬೇಕಾದಷ್ಟು ನೋಡಿದೀನಿ. ಇದು ಇನ್ನೂ ಕೆಲಸ ಮಾಡುತ್ತೆ, ಬಿಡು.”

ನಿಮಗೇನಾದರೂ ಆಸೆ ಇದೆಯೇ ಎಂದು ಕೇಳಿದರೆ ಎತೆಲ್ಕಾ ಮೊದಲು ಪ್ರೊಫೆಸರರು ಮಾಡಿ ತಂದ ಕಾಫಿಯನ್ನು ಒಂದು ಗುಟುಕು ಕುಡಿದು ಮುಖ ಕಿವಿಚುತ್ತಾರೆ. “ಖಾಲಿ ಮಾಡಿದೋರು ಬೇಗಡೆ ಬಿಸಾಕ್ಲಿ. ಇನ್ನೇನು ಬೇಕು?”

ಆಮೇಲೆ ಆ ಚೂರು ಉಳಿದ ಟ್ಯೂಬಿಗೆ ಚಿನ್ನದ ಬಣ್ಣದ ಬೇಗಡೆ ಸುತ್ತಿ, ಎರಡೂ ತುದಿಯನ್ನು ಎಡಕ್ಕೆ ತಿರುಚಿ ಡಬ್ಬಿಯಲ್ಲಿಡುತ್ತಾರೆ.