ಷಡ್ಡಕನ ಏಳು ತಲೆಮಾರು

ನನ್ನ ಷಡ್ಡಕನಿಗೆ, ಅಂದರೆ ನನ್ನ ಹೆಂಡತಿಯ ಅಕ್ಕನ ಗಂಡನಿಗೆ, ಚನ್ನರಾಯಪಟ್ಟಣದಲ್ಲಿ ಕೊಬ್ಬರಿ ಮಂಡಿ ಇತ್ತು, ಮಹಡಿ ಮನೆ ಇತ್ತು, ಐವತ್ತು ದಾಟಿದರೂ ತಲೆ ತುಂಬ ಕೂದಲಿತ್ತು. ಇವನ್ನೆಲ್ಲ ನಾನು ಹೇಗೋ ಸಹಿಸಿಕೊಂಡಿದ್ದೆ. ಸಹಿಸಲಾಗದ್ದು ಒಂದೇ: ಅವನಿಗೆ ಏಳು ತಲೆಮಾರು ಇದ್ದವು.

ಏಳು ತಲೆಮಾರು ಎಲ್ಲರಿಗೂ ಇರುತ್ತವೆ, ನಿಜ. ಆದರೆ ಅವನವು ಬೀದಿಗೆಲ್ಲ ಕೇಳುವ ಹಾಗೆ ಕೂಗಿ ಹೇಳುವಂಥವು. ಮೂರು ನಾಲ್ಕು ವರ್ಷಕ್ಕೊಮ್ಮೆ, ಸುಗ್ಗಿ ಮುಗಿದ ಮೇಲೆ, ಹೆಳವ ಎತ್ತಿನ ಮೇಲೆ ಕೂತು ಗಂಟೆ ಬಾರಿಸುತ್ತ ಅವನ ಮನೆಯ ಮುಂದೆ ಬಂದು ನಿಲ್ಲುತ್ತಿದ್ದ. ಮನೆತನಗಳ ಹುಟ್ಟು ಹೇಳುವುದೇ ಹೆಳವರ ಕಸುಬು. ನುಗ್ಗೇಹಳ್ಳಿಯಿಂದ ಬಂದ ಮೂಲಪುರುಷನಿಂದ ಹಿಡಿದು ಏಳನೆಯವನಾದ ಷಡ್ಡಕನವರೆಗೆ ಒಂದೇ ಉಸಿರಿನಲ್ಲಿ ಒಪ್ಪಿಸಿ, ರಾಗಿ ಅಳೆಸಿಕೊಂಡು, ಪಂಚೆ ಹೊದ್ದುಕೊಂಡು ಹೋಗುತ್ತಿದ್ದ. ಷಡ್ಡಕ ಜಗಲಿಯ ಮೇಲೆ ಕಣ್ಣು ಮುಚ್ಚಿ ಕೂತು ಕೇಳುತ್ತಿದ್ದ, ಆ ಹಿರಿಯರನ್ನೆಲ್ಲ ತಾನೇ ಸಾಕಿ ಬೆಳೆಸಿದವನ ಹಾಗೆ.

ಹೆಳವ ನಮ್ಮ ಮನೆಗೂ ಬರುತ್ತಿದ್ದ. ಹೊಳೆನರಸೀಪುರದಿಂದ ಹೊಳೆ ದಾಟಿದರೆ ನಮ್ಮ ಹಳ್ಳಿ. ನಾನು ಚಿಕ್ಕವನಿದ್ದಾಗ ಅಪ್ಪನ ಪಕ್ಕದಲ್ಲಿ ನಿಂತು ನಮ್ಮ ಹೆಸರು ಯಾವಾಗ ಬರುತ್ತದೆಂದು ಕಾಯುತ್ತಿದ್ದೆ. ಅವನು ಅಜ್ಜಿಯ ಅಪ್ಪನ ಹೆಸರಿನ ತನಕ ಬಂದು, "ಇಲ್ಲಿಗೆ ಗಂಡುಸಂತಾನ ನಿಂತೋಯ್ತು" ಎಂದು ಗಂಟೆ ಬಾರಿಸಿಬಿಟ್ಟ. ಅವನೆದುರಿಗೆ ಮೀಸೆ ಹೊತ್ತವನೊಬ್ಬ, ಚಡ್ಡಿ ಹಾಕಿದವನೊಬ್ಬ, ಇಬ್ಬರು ಗಂಡಸರು ನಿಂತೇ ಇದ್ದೆವು.

ಕಾರಣ ಇಷ್ಟೆ. ನನ್ನ ಅಜ್ಜ ಮನೆವಾಳ್ತನಕ್ಕೆ ಬಂದವನು. ಗಂಡುಮಕ್ಕಳಿಲ್ಲದ ಮನೆಗೆ ಅಳಿಯನಾಗಿ ಬಂದು, ಅಲ್ಲೇ ಉಳಿದು, ಅಪ್ಪ ಅಂಬೆಗಾಲಿಡುವಾಗಲೇ ತೀರಿಕೊಂಡ. ಗಂಡನ ಹೆಸರು ಹೇಳಬಾರದೆಂಬ ನೇಮಕ್ಕೆ ಅಜ್ಜಿ ಗಂಡನ ಊರನ್ನೂ ಹೇಳದೆ ಹೋದಳು. ಅವನು ಯಾರ ಮಗ, ಯಾವ ಬೆಡಗು ಎಂದು ಕೇಳುವ ಗೋಜಿಗೆ ಯಾರೂ ಹೋಗಲಿಲ್ಲ. ನಮ್ಮಲ್ಲಿ ಒಂದೇ ಬೆಡಗಿನವರು ಅಣ್ಣತಂಗಿಯರ ಹಾಗೆ, ಮದುವೆ ಕೂಡದು. ನಾವು ಅಜ್ಜಿಯ ಮನೆಯ ಬೆಡಗನ್ನೇ ನಮ್ಮದೆಂದು ಹೇಳಿಕೊಂಡು ದಿನ ದೂಡಿದ್ದೆವು.

ನನ್ನ ಮಗಳಿಗೆ ಗಂಡು ಗೊತ್ತಾದ ವರ್ಷವೇ ನಲವತ್ತೊಂದರ ಖಾನೇಷುಮಾರಿಯೂ, ಅಂದರೆ ಜನಗಣತಿಯೂ, ಬಂತು. ಹುಡುಗ ದುದ್ದದ ಕಡೆಯವನು, ಹಾಸನದ ಕಚೇರಿಯಲ್ಲಿ ಗುಮಾಸ್ತ. ಸಂಬಂಧ ತಂದದ್ದು ಷಡ್ಡಕನೇ. ಅವನಿಗೂ ಹೆಚ್ಚುಕಡಿಮೆ ಅದೇ ವಯಸ್ಸಿನ ಮಗಳಿದ್ದಳು. "ನಮ್ಮುಡ್ಗಿಗೇನವಸ್ರ ಮೇಷ್ಟ್ರೇ, ಮೊದ್ಲು ನಿಮ್ದಾಗ್ಲಿ" ಎಂದ. ಆ ಔದಾರ್ಯ ಒಣಕೊಬ್ಬರಿಯ ಚೂರಿನ ಹಾಗೆ ನನ್ನ ಗಂಟಲಲ್ಲಿ ಸಿಕ್ಕಿಕೊಂಡಿತು. ಮಗಳು ಮಾತ್ರ ಹುಡುಗ ಬಂದು ನೋಡಿಹೋದ ದಿನದಿಂದ ಹಾಸನದ ಬಸ್ಸು ಎಷ್ಟು ಹೊತ್ತಿಗೆ ಬರುತ್ತದೆ, ಎಷ್ಟು ಹೊತ್ತಿಗೆ ಹೋಗುತ್ತದೆ ಎಂದು ಸುಮ್ಮಸುಮ್ಮನೆ ವಿಚಾರಿಸತೊಡಗಿದ್ದಳು.

ಹುಡುಗನ ತಂದೆ ಮಾತಿಗೆ ಕೂತಾಗ ನಾಲ್ಕು ತಲೆಮಾರಿನ ಹೆಸರು ಕೇಳಿದರು. ನಾನು ಅಪ್ಪ ಎಂದೆ, ಅಜ್ಜ ಎಂದೆ, ಕೆಮ್ಮಿದೆ. ಷಡ್ಡಕ ನಕ್ಕ. "ನಮ್ ಮೇಷ್ಟ್ರು ವಂಸ ಅಜ್ಜನ್ ತಾವ ನಿಂತೋಯ್ತದೆ. ಅಲ್ಲಿಂದೀಚೆಗೆ ಬಲು ಚೆಂದಾಗೈತೆ ಬುಡಿ."

ಎಲ್ಲರೂ ನಕ್ಕರು. ಬಾಗಿಲ ಮರೆಯಲ್ಲಿ ನನ್ನ ಹೆಂಡತಿಯೂ ನಕ್ಕಳು. ಭಾವ ಏನು ಹೇಳಿದರೂ ಅವಳಿಗೆ ನಗು ಬರುತ್ತದೆ. ನಾನು ಹೇಳಿದರೆ "ಏನಂದ್ರಿ?" ಎನ್ನುತ್ತಾಳೆ.

ಶಾಲೆಯ ಮೇಷ್ಟರಾದ ತಪ್ಪಿಗೆ ಖಾನೇಷುಮಾರಿಯಲ್ಲಿ ಮನೆಮನೆ ಎಣಿಸುವ ಕೆಲಸ ನನ್ನ ತಲೆಗೆ ಬಿದ್ದಿತ್ತು. ಅದೇ ನೆಪ ಮಾಡಿಕೊಂಡು ನಮ್ಮ ಹಳ್ಳಿಯ ಶಾನುಭೋಗರ ಮನೆಯ ಅಟ್ಟ ಹತ್ತಿದೆ. ಜನನ ಮರಣದ ರಿಜಿಸ್ಟರಿನಲ್ಲಿ ಅಪ್ಪನ ಹುಟ್ಟು ಸಿಕ್ಕಿತು. ತಂದೆಯ ಊರು ಎಂಬಲ್ಲಿ "ಸದರಿ" ಎಂದು ಗೀಚಿ ಕೈ ತೊಳೆದುಕೊಂಡಿದ್ದರು. ಅಜ್ಜನ ಸಾವಿನ ಮುಂದೆ "ಜ್ವರ", ಅಷ್ಟೆ. ಆ ರಿಜಿಸ್ಟರಿನ ಅಡಿಯಲ್ಲಿ, ಅಪ್ಪ ತೊಟ್ಟಿಲಲ್ಲಿದ್ದ ಕಾಲದ ಖಾನೇಷುಮಾರಿಯ ಮನೆಪಟ್ಟಿಯ ನಕಲೊಂದಿತ್ತು. ಮೊದಲು ಮನೆಯ ಯಜಮಾನ, ಅಜ್ಜಿಯ ಅಪ್ಪ. ಅವನ ಕೆಳಗೆ ಅಜ್ಜ: ಮಗ. ಅವನ ಕೆಳಗೆ ಅಜ್ಜಿ: ಮಗಳು. ಕೊನೆಗೆ ಅಪ್ಪ: ಮೊಮ್ಮಗ. ಸರ್ಕಾರದ ದಾಖಲೆಯ ಪ್ರಕಾರ ನನ್ನ ಅಜ್ಜ ತನ್ನ ತಂಗಿಯನ್ನೇ ಮದುವೆಯಾಗಿದ್ದ.

"ಯಾಕ್ರೀ ಹೌಹಾರ್ತೀರಿ ಮೇಷ್ಟ್ರೇ?" ಎಂದರು ಶಾನುಭೋಗರು. "ಮನೆವಾಳ್ತನದೋನು ಅಂದ್ಮೇಲೆ ಮಗನೇ ಅಲ್ವೆ? ನಮ್ಮ ತಾತ ಪ್ರೀತಿಯಿಂದ ಬರೆದಿದಾರೆ. ಈಗ ನೀವು ಏನಂತ ಬರೀತಾ ಇದೀರಿ?"

ಹಿಂದಿನ ದಿನವಷ್ಟೆ ಕೆಳಗಿನ ಬೀದಿಯ ಒಬ್ಬ ಮನೆಯಳಿಯನನ್ನು, ಅವನ ಮಾವ "ಬರ್ಕಳಿ ಸಾ, ನನ್ ಮಗ್ನೇ ಕಣೇಳಿ" ಎಂದದ್ದಕ್ಕೆ, ಮಗ ಎಂದೇ ಬರೆದುಕೊಂಡು ಬಂದಿದ್ದೆ. ಓಡಿಹೋಗಿ ತಿದ್ದಿದೆ. ದಾರಿಯುದ್ದಕ್ಕೂ ಸರ್ಕಾರ ನನ್ನನ್ನು ಕೆಲಸದಿಂದ ತೆಗೆಯುವುದನ್ನು ಮೂರು ರೀತಿಯಲ್ಲಿ ಊಹಿಸಿಕೊಂಡೆ. ಮೂರರಲ್ಲೂ ಷಡ್ಡಕ ಜಗಲಿಯಲ್ಲಿ ಕೂತು ಸುದ್ದಿ ಕೇಳುತ್ತಿದ್ದ.

ಮದುವೆಗಳಿಗೆ ಸರ್ಕಾರದ ರಿಜಿಸ್ಟರು ಎಲ್ಲಿತ್ತು? ಆದರೆ ನಮ್ಮೂರಿನ ಮದುವೆಗಳನ್ನು ಮಾಡಿಸುತ್ತಿದ್ದ ಮಠದ ಅಯ್ಯನವರ ಮನೆಯಲ್ಲಿ ಒಂದು ಪುಸ್ತಕವಿತ್ತು. ಯಾರ ಮನೆ ಹೆಣ್ಣು, ಯಾವ ಊರ ಗಂಡು, ಎಂದು ಅವರ ಹಿರಿಯರು ಬರೆದಿಟ್ಟಿದ್ದರು. ಅಲ್ಲಿ ಅಜ್ಜ ಸಿಕ್ಕಿಬಿಟ್ಟ. ಮಲ್ಲಿಪಟ್ಟಣದವನು, ಇಂಥವರ ಮಗ, "ಇಲ್ಲಿಯ ಮನೆಗೇ ಒಪ್ಪಿಸಿದ್ದು". ಬೆಡಗು ಬರೆದಿರಲಿಲ್ಲ. ಅದು ಇಲ್ಲವೆಂಬುದು ಆಗ ನನಗೆ ಹೊಳೆಯಲೂ ಇಲ್ಲ.

ಭಾನುವಾರ ಅರಕಲಗೂಡಿನ ಬಸ್ಸು ಹಿಡಿದೆ. ಮಲ್ಲಿಪಟ್ಟಣದಲ್ಲಿ ಅಜ್ಜನ ಅಪ್ಪನ ಹೆಸರು ಹೇಳಿದ್ದೇ ತಡ, ಒಬ್ಬ ಮುದುಕಿ, "ಆ ಮನೇರು ಈಗ್ಯಾರೂ ಇಲ್ಲ ಕಣಪ್ಪ. ಅವ್ರ್ ಹೆಳವಯ್ಯ ತ್ವಾಟದ್ ತಾವ ಬಿಡಾರ ಆಕವ್ನೆ, ಓಗ್ ಕೇಳು" ಎಂದಳು. ಹೆಳವ ಬೀಡಿ ಆರಿಸಿ ಕಿವಿಯ ಸಂದಿಗೆ ಸಿಕ್ಕಿಸಿಕೊಂಡು ಶುರು ಮಾಡಿದ. ನಾನು ಬೆರಳು ಮಡಿಸುತ್ತ ಹೋದೆ. ಅಜ್ಜನ ಅಪ್ಪನಿಗೇ ಆರು ಬೆರಳು ಮುಗಿದವು. "ಅವ್ನಿಗೆ ಮೂರ್ಜನ ಗಂಡ್ಮಕ್ಳು. ನಡುವ್ಲೋನು ಹೊಳೆ ದಾಟ್ದ."

"ದಾಟಿ ಎಲ್ಲಿಗೆ ಹೋದ?"

"ಹೆಣ್ಣಿನ್ ಮನೆಗೋದೋರ್ನ ಹೊಳೆ ದಾಟ್ದ ಅಂತೇಳಿ ಬುಟ್ಬುಡ್ತೀವಿ ಸಾ. ಆಮ್ಯಾಕಿಂದು ನಮ್ಗೆ ಬ್ಯಾಡ."

ಆ ನಡುವಿನವನಿಗೆ ಅವನು ಹೇಳಿದ ಹೆಸರು ಅಜ್ಜನದೇ. ಅಜ್ಜ ಏಳು, ಅಪ್ಪ ಎಂಟು, ನಾನು ಒಂಬತ್ತು! ಹೆಳವನನ್ನು ಅಪ್ಪಿಕೊಳ್ಳುವುದೊಂದು ಬಾಕಿ. ಮೂರು ಸಲ ಹೇಳಿಸಿ ಬಾಯಿಪಾಠ ಮಾಡಿದೆ. ಮೂರನೆಯ ಸಲಕ್ಕೆ ಅವನ ಕೊನೆಯ ಸಾಲು ಕಿವಿಗೆ ಬಿತ್ತು. ಹೆಳವರು ಮುಗಿಸುವಾಗ ಬೆಡಗು ಹೇಳಿಯೇ ಮುಗಿಸುವುದು ಕ್ರಮ. ಅವನು ಹೇಳಿದ್ದು ದುದ್ದದ ಹುಡುಗನ ಬೆಡಗನ್ನೇ.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಒಲೆಯ ಮುಂದಿನಿಂದ ಏಳಲಿಲ್ಲ. "ಸುಮ್ಕಿರಿ. ಖಾನೇಷುಮಾರಿಲೇ ಅಜ್ಜಾರ್ನ ಈ ಮನೆ ಮಗ ಅಂತ ಬರ್ದವ್ರೆ ಅಂತ ನೀವೇ ಅಂದ್ರಲ್ಲ. ಸರ್ಕಾರಕ್ಕಿಂತ ನೀವು ದೊಡ್ಡೋರಾ? ಮಗು ಮಕ ನೋಡಿ, ಬಾಯ್ ಮುಚ್ಕಂಡಿರಿ."

ಮಗಳ ಮುಖ ನೋಡಿದೆ. ಬಾಯಿ ಮುಚ್ಚಿಕೊಂಡೆ. ಆದರೆ ಒಂಬತ್ತು ತಲೆಮಾರನ್ನು ಬಾಯೊಳಗೆ ಇಟ್ಟುಕೊಂಡು ಓಡಾಡುವುದು ಬಿಸಿ ಅನ್ನ ಇಟ್ಟುಕೊಂಡ ಹಾಗೆ. ಸ್ನಾನಕ್ಕೆ ಹೋದರೂ ಒಪ್ಪಿಸುತ್ತಿದ್ದೆ, ಶಾಲೆಯಲ್ಲಿ ಮಗ್ಗಿ ಹೇಳಿಸುವಾಗಲೂ ಒಪ್ಪಿಸುತ್ತಿದ್ದೆ.

ವೀಳ್ಯಶಾಸ್ತ್ರದ ದಿನ ಗೊತ್ತು ಮಾಡಲು ಚನ್ನರಾಯಪಟ್ಟಣದಲ್ಲಿ, ಷಡ್ಡಕನ ಮನೆಯಲ್ಲೇ, ಸೇರಿದೆವು. ಅವತ್ತೇ ಅವನ ಹೆಳವ ಬಂದದ್ದು ಆಕಸ್ಮಿಕವೆಂದು ನಾನು ಇವತ್ತಿಗೂ ನಂಬುವುದಿಲ್ಲ. ಗಂಟೆ, ಎತ್ತು, ನುಗ್ಗೇಹಳ್ಳಿ, ಏಳು ತಲೆಮಾರು. ಹುಡುಗನ ತಂದೆ ತಲೆದೂಗಿದರು. ಷಡ್ಡಕ ನಿಧಾನವಾಗಿ ಕಣ್ಣು ತೆರೆದು ನನ್ನ ಕಡೆ ನೋಡಿದ.

"ಏನ್ ಮೇಷ್ಟ್ರೇ, ಮಲ್ಲಿಪಟ್ಣದ್ ಕಡೀಕೋಗಿದ್ರಂತೆ. ಸಿಕ್ಕುದ್ರಾ ಅಜ್ಜಾರು? ಇಲ್ಲ, ನೀವ್ ಬತ್ತೀರಿ ಅಂತ ಅವ್ರು ಮುಂದ್ಲೂರ್ಗೋಗ್ಬುಟ್ಟಿದ್ರಾ?"

ನಗು ಜಗಲಿಯ ಈ ತುದಿಯಿಂದ ಆ ತುದಿಗೆ ಹೋಯಿತು. "ಸಿಕ್ಕಿದರು" ಎಂದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. "ಒಂಬತ್ತು" ಎಂದೆ. ಅಲ್ಲಿಗೂ ನಿಲ್ಲಿಸಬಹುದಿತ್ತು. ಎದ್ದು ನಿಂತು, ಕೈಕಟ್ಟಿ, ಮೊದಲನೆಯವನಿಂದ ಶುರು ಮಾಡಿದೆ. ಷಡ್ಡಕನ ಮುಖ ಒಂದೊಂದು ಹೆಸರಿಗೂ ಸಣ್ಣದಾಗುತ್ತ ಹೋದದ್ದು ಕಾಣುತ್ತಿತ್ತು. ಆ ಸುಖದಲ್ಲಿ ನಾಲಗೆ ಒಂಬತ್ತನೆಯವನನ್ನು ದಾಟಿ, ಕಲಿತ ಕ್ರಮದಂತೆಯೇ, ಬೆಡಗನ್ನೂ ಹೇಳಿ ಮುಗಿಸಿತು.

ಹುಡುಗನ ತಂದೆ ಎದ್ದು ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. "ಅಂಗಾರೆ ನಾವೂ ನೀವೂ ಅಣ್ತಮ್ದೀರಾದ್ವಿ ಮೇಷ್ಟ್ರೇ. ಉಡುಗ್ರು ಅಣ್ಣ ತಂಗಿ. ಮುಚ್ಚಿಟ್ಟು ಮದ್ವೆ ಮಾಡೋರೇ ತುಂಬವ್ರೆ ಈ ಕಾಲ್ದಲ್ಲಿ. ನೀವು ದೊಡ್ ಮನ್ಸ ಕಣ್ರೀ."

ಆ ಹೊಗಳಿಕೆ ಆಮೇಲೆ ನಾಲ್ಕು ತಾಲ್ಲೂಕು ಸುತ್ತಿತು. ಸತ್ಯಕ್ಕಾಗಿ ಮಗಳ ಸಂಬಂಧವನ್ನೇ ಬಿಟ್ಟ ಮೇಷ್ಟರು ಎಂದು ಜನ ಇವತ್ತಿಗೂ ನನ್ನನ್ನು ತೋರಿಸುತ್ತಾರೆ. ಸತ್ಯ ನನ್ನ ಬಾಯಿಂದ ಏಕೆ ಬಿತ್ತೆಂದು ಇಬ್ಬರಿಗೆ ಗೊತ್ತು. ಒಬ್ಬ ನಾನು. ಇನ್ನೊಬ್ಬ, ನಾನು ಹೊರಡುವಾಗ ಬಸ್ಸಿನ ತನಕ ಬಂದು, ಧ್ವನಿ ತಗ್ಗಿಸಿ ಕೇಳಿದ: "ನಿಜವಾಗ್ಲೂ ಒಂಬತ್ತಾ? ಆ ಹೆಳವಯ್ನ ಒಂದ್ಸಲ ಇತ್ಲಾಗ್ ಕಳ್ಸಿ. ನಮ್ದೂ ಇನ್ನೆಲ್ಡು ಇದ್ರೂ ಇರ್ಬೋದು." ಆ ಧ್ವನಿಯಲ್ಲಿದ್ದ ಉರಿಯನ್ನು ನಾನು ಚೆನ್ನಾಗಿ ಬಲ್ಲೆ. ಬಸ್ಸು ಊರು ದಾಟುವ ತನಕ ನಾನು ಸ್ವರ್ಗದಲ್ಲಿದ್ದೆ.

ಮುಂದಿನ ವೈಶಾಖದಲ್ಲಿ ಆ ಹುಡುಗ ಷಡ್ಡಕನ ಅಳಿಯನಾದ. ನನ್ನ ಮಗಳ ಮದುವೆಗೆ ಆಮೇಲೆ ಮೂರು ವರ್ಷ ಹಿಡಿಯಿತು. ಅದೆಲ್ಲ ಮುಂದಿನ ಮಾತು. ಅವತ್ತು ನಾನು ಮನೆಗೆ ಬಂದಾಗ ಅವಳು ಹಿತ್ತಲ ಬಾಗಿಲಲ್ಲಿ ಕೂತು ಹುರುಳಿಕಾಳು ಆರಿಸುತ್ತಿದ್ದಳು. ಏನಾಯಿತೆಂದು ಹೇಳಿದೆ. ಬೆಡಗಿನ ವಿಷಯ ಅವಳಿಗೆ ಮೊದಲೇ ಗೊತ್ತಿತ್ತು, ಅಡುಗೆಮನೆಯ ಮಾತು ಹಿತ್ತಲಿಗೆ ಕೇಳದೆ ಇರುತ್ತದೆಯೆ? ತಲೆ ಎತ್ತದೆ ಕೇಳಿದಳು:

"ಒಂಬತ್ತೂ ಹೇಳುದ್ರಾ ಅಪ್ಪಾ?"

"ಹೂಂ ಕಣವ್ವ."

"ಒಂದೂ ತಪ್ಪಲಿಲ್ವಾ?"

"ಇಲ್ಲ."

"ದೊಡ್ಡಪ್ಪ ಕೇಳುಸ್ಕಂಡ್ರಾ?"

ಅವಳು ಮೊರದ ಕಲ್ಲುಗಳನ್ನು ಅಂಗೈಗೆ ಬಳಿದುಕೊಂಡು ಹಿತ್ತಲಿಗೆ ಎಸೆದು, "ಕೈಕಾಲ್ ತೊಳ್ಕಳಿ, ಊಟಕ್ಕಿಕ್ತೀನಿ" ಎಂದು ಒಳಗೆ ಹೋದಳು.